ಆಗ ನೀನೆಲ್ಲಿದ್ದೆ

ಟೇಪಿನ ಸದ್ದನ್ನು ನಿಲ್ಲಿಸಿ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡ ಮೇಲೂ ಆ ಸ್ವರ ನಿಲ್ಲಲಿಲ್ಲ. ಅವಳು ಲ್ಯಾಪ್‌ಟಾಪಿನ ಪರದೆ ನೋಡಿದಳು. ಸದ್ದಿನ ಗೆರೆ ಅಲುಗದೆ ಮಲಗಿತ್ತು. ಕಿವಿಯೊಳಗೇ ಉಳಿದುಕೊಂಡಿರಬೇಕು ಅಂದುಕೊಂಡು ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿ ತೆರೆದಳು. ಮುಚ್ಚಿದಾಗ ಇಲ್ಲ, ತೆರೆದಾಗ ಇದೆ. ಅಡುಗೆಮನೆಯ ಮೇಜಿನಿಂದ ಎದ್ದು, ತಲೆ ಓರೆ ಮಾಡಿಕೊಂಡು ಹುಡುಕುತ್ತ ಹೋದವಳು ಫ್ರಿಜ್ಜಿನ ಮುಂದೆ ನಿಂತಳು. ಗೋಡೆಯ ಸ್ವಿಚ್ ಆರಿಸಿದಳು. ಹಳೆಯ ಫ್ರಿಜ್ಜು ಒಮ್ಮೆ ಮೈ ಕೊಡವಿ ಸುಮ್ಮನಾಯಿತು. ಸ್ವರವೂ ನಿಂತಿತು.

"ಒಳಗೆ ಇಟ್ಟಿದ್ದೆಲ್ಲ ಕೆಡತ್ತೆ ಕಣೇ, ಯಾಕೆ ಆರಿಸ್ದೆ?" ಬೀನ್ಸಿನ ನಾರು ತೆಗೆಯುತ್ತ ಕುಳಿತಿದ್ದ ಅಮ್ಮ ಕೇಳಿದಳು.

"ಅಮ್ಮ, ನೀನು ತರಕಾರಿ ಹೆಚ್ಚುವಾಗ ಯಾವಾಗ್ಲೂ ಗುನುಗ್ತಿರ್ತೀಯಲ್ಲ, ಆ ಸ್ವರ ಎಲ್ಲಿಂದ ಹಿಡೀತೀಯ?"

"ಎಲ್ಲಿಂದ ಹಿಡಿಯೋದು? ಮೊದಲ ಸ್ವರ ಅಲ್ವಾ ಅದು. ಇಲ್ಲಿ ಕೂತ್ರೆ ತಾನಾಗೇ ಬರತ್ತೆ."

ಅವಳು ಸ್ವಿಚ್ ಹಾಕಿದಳು. ಫ್ರಿಜ್ಜು ಮತ್ತೆ ಗುಂಯ್‌ಗುಡತೊಡಗಿತು. ಅಮ್ಮನೂ ಗೊತ್ತಿಲ್ಲದೆ ಅದರ ಜೊತೆ ಸೇರಿಕೊಂಡಳು.

ಗುಡ್ಡದ ಮೇಲಿನ ಪ್ರಾರ್ಥನಾ ಮನೆಯಲ್ಲಿ ಪ್ರತಿ ಸಭೆಯೂ ಆ ಟೇಪಿನಿಂದಲೇ ಶುರುವಾಗುತ್ತಿತ್ತು. ಗುಂಡಿ ಒತ್ತಿದ ಕೂಡಲೇ ಮಾತು ಬರುವುದಿಲ್ಲ. ಮೊದಲು ಸ್ವಲ್ಪ ಹೊತ್ತು ಒಂದು ಆಳವಾದ, ಏರಿಳಿತವಿಲ್ಲದ ಸ್ವರ ಬರುತ್ತದೆ. ಬೆಂಚುಗಳಲ್ಲಿ ಕುಳಿತವರೆಲ್ಲ ತುಟಿ ಮುಚ್ಚಿಕೊಂಡು ಅದಕ್ಕೆ ದನಿ ಕೂಡಿಸುತ್ತಾರೆ. ಅದೇ ಮೊದಲ ಸ್ವರ. ಹಿರಿಯಮ್ಮ ಮಾತಿಗೆ ಮುಂಚೆ ಒಳಗೆ ತುಂಬಿಕೊಂಡ ಉಸಿರು ಅದು ಅಂತ ಅವರ ನಂಬಿಕೆ. ಆಮೇಲೆ ಅವಳ ಒಡಕು ದನಿ: "ನೀರು ಮೆಟ್ಟಿಲು ಹತ್ತಿ ಬರತ್ತೆ. ಸಾಮಾನು ನೋಡಬೇಡಿ. ಮಕ್ಕಳನ್ನ ಎತ್ಕೊಂಡು ಗುಡ್ಡ ಹತ್ತಿ."

ಹಿರಿಯಮ್ಮ ನದಿಯ ದಡದ ಕೇರಿಯಲ್ಲಿ ಬೇರೆಯವರ ಬಟ್ಟೆ ಒಗೆದು ಬದುಕಿದವಳು. ಅವಳ ಮಾತು ಕೇಳಿ ಗುಡ್ಡ ಹತ್ತಿದವರು ಉಳಿದರು, ಕೇರಿಯನ್ನು ನೆರೆ ಗುಡಿಸಿಕೊಂಡು ಹೋಯಿತು. ಉಳಿದವರು ಅಲ್ಲೇ ಮೇಲೆ ಮನೆಗಳನ್ನು ಕಟ್ಟಿಕೊಂಡರು, ಪ್ರಾರ್ಥನಾ ಮನೆಯನ್ನೂ ಕಟ್ಟಿದರು. ಟೇಪಿನ ಪೆಟ್ಟಿಗೆಯ ಮೇಲೆ ಯಾರೋ ನೀಲಿ ಶಾಯಿಯಲ್ಲಿ ಬರೆದಿದ್ದರು: "ನೆರೆಗೆ ಮುಂಚಿನ ವಾರ."

ಈ ವರ್ಷದ ನೆನಪಿನ ದಿನಕ್ಕೆ ಟೇಪನ್ನು ಶುದ್ಧ ಮಾಡಿ ಕೊಡಬೇಕೆಂದು ಸಭೆಯವರು ಮಗಳನ್ನು ಕೇಳಿಕೊಂಡಿದ್ದರು. ಅವಳ ಕೆಲಸವೇ ಅದು. ಹಳೆಯ ಧ್ವನಿಮುದ್ರಣಗಳನ್ನು ಕಾಪಾಡುವ ಕಚೇರಿಯ ಗಾಳಿಯಾಡದ ಕೋಣೆಯಲ್ಲಿ ದಿನವಿಡೀ ಕುಳಿತು, ಸತ್ತವರ ಮಾತಿನ ಸುತ್ತ ಕಟ್ಟಿಕೊಂಡ ಗರಗರ, ಚಟಪಟಗಳನ್ನು ಬಿಡಿಸುತ್ತಿದ್ದಳು. ಅಲ್ಲಿ ಅವಳನ್ನು ಕರೆಯುತ್ತಿದ್ದದ್ದೇ "ಕಿವಿ" ಎಂದು. ಬಾಯಿ ಇದೆಯೆಂದು ಯಾರಿಗೂ ಖಾತ್ರಿ ಇರಲಿಲ್ಲ. ಬೇರೆ ಯಾರದೇ ಟೇಪಾಗಿದ್ದರೆ ಆ ಗುಂಯ್ ಕರೆಂಟಿನದೆಂದು ಅವಳಿಗೆ ಕೇಳಿದ ತಕ್ಷಣ ಗೊತ್ತಾಗುತ್ತಿತ್ತು; ಇಂಥದನ್ನು ದಿನಕ್ಕೆ ಎಷ್ಟೋ ಸಲ ಒರೆಸಿ ಹಾಕುತ್ತಿದ್ದಳು. ಆದರೆ ಇದನ್ನು ಅವಳು ಅಮ್ಮನ ತೊಡೆಯ ಮೇಲೆ ಮಲಗಿ, ಅಮ್ಮನ ಹೊಟ್ಟೆಯ ಮೂಲಕ ಕೇಳಿ ಬೆಳೆದಿದ್ದಳು. ಅದನ್ನು ಒಂದು ಸದ್ದು ಎಂದು ಯೋಚಿಸಿಯೇ ಇರಲಿಲ್ಲ.

ಮತ್ತೆ ಹೆಡ್‌ಫೋನು ಹಾಕಿಕೊಂಡು ಟೇಪಿನ ಮೊದಲ ತುದಿಗೆ ಹೋದಳು. ಗರಗರವನ್ನೆಲ್ಲ ಸರಿಸಿ, ದನಿ ಏರಿಸಿ ಕೇಳಿದಳು. ಸ್ವರ ಶುರುವಾಗುವ ಮುನ್ನ, ಇಷ್ಟು ದಿನ ಗರಗರದಡಿ ಹೂತುಹೋಗಿದ್ದ ಒಂದು ಸದ್ದು ಇತ್ತು. ಟಿಣ್. ಟಿಣ್, ಟಿಣ್. ಆಮೇಲೆ ಗುಂಯ್. ಕತ್ತಲೆ ಕೋಣೆಯಲ್ಲಿ ಟ್ಯೂಬ್‌ಲೈಟು ಹತ್ತುವಾಗ ಎಲ್ಲರ ಮನೆಯಲ್ಲೂ ಕೇಳುವ ಸದ್ದು.

ಕೇರಿಗೆ ಕರೆಂಟು ಇರಲಿಲ್ಲ. ಕಂಬಗಳನ್ನು ನೆಟ್ಟದ್ದು ನೆರೆ ಇಳಿದ ಮೇಲೆ, ಗುಡ್ಡದ ಮೇಲೆ ಹೊಸ ಮನೆಗಳು ಎದ್ದಾಗ. ಇದನ್ನು ಅವಳು ಎಲ್ಲೂ ಹುಡುಕಿ ತಿಳಿಯಬೇಕಾಗಿರಲಿಲ್ಲ. ಪ್ರತಿ ಸಲ ಸಭೆಗೆ ಹೇಳುತ್ತಿದ್ದವನು ಅವಳ ಅಪ್ಪನೇ. "ಕರೆಂಟೇ ಇಲ್ಲದ ಕಾಲ. ಬ್ಯಾಟರಿ ಹಾಕಿ ರೆಕಾರ್ಡು ಮಾಡಿದ್ದು. ದಿನ ಬರೆದಿಟ್ಟಿದಾರೆ. ನೋಡ್ಕೊಳ್ಳಿ."

ಅಪ್ಪ ವಿಮೆ ಕಂಪನಿಯಲ್ಲಿ ನಷ್ಟದ ತನಿಖೆ ಮಾಡುತ್ತಿದ್ದವನು. ಸುಟ್ಟ ಅಂಗಡಿ, ಜಜ್ಜಿದ ಕಾರು, ಕಳುವಾದ ಒಡವೆ ನೋಡಿ, ಕೊಡಬೇಕೋ ಬೇಡವೋ ಬರೆದು ಒಪ್ಪಿಸುವುದು ಅವನ ಕೆಲಸ. ಯಾರೇ ಎದುರು ಕುಳಿತರೂ ಅವನ ಮೊದಲ ಪ್ರಶ್ನೆ ಒಂದೇ: "ಆಗ ನೀವು ಎಲ್ಲಿದ್ರಿ?" ಮನೆಯಲ್ಲೂ ಬಿಡುತ್ತಿರಲಿಲ್ಲ. ಲೋಟ ಒಡೆದರೆ, ಬೆಕ್ಕು ಮೀನು ಕದ್ದರೆ, ಅದೇ. ಅಮ್ಮ ಪ್ರಾರ್ಥನಾ ಮನೆಗೆ ಹೋಗತೊಡಗಿ ಎಷ್ಟೋ ವರ್ಷವಾದರೂ ಅವನು ಬಾಗಿಲಾಚೆ ನಿಂತು ಕಾಯುತ್ತಿದ್ದ. ಕೊನೆಗೆ ಒಂದು ದಿನ ಟೇಪಿನ ವಿಷಯ ಕೇಳಿ ಒಳಗೆ ಬಂದ. ಪೆಟ್ಟಿಗೆ ತಿರುಗಿಸಿ ನೋಡಿದ, ಶಾಯಿ ನೋಡಿದ, ನೆರೆ ಕಂಡ ಮುದುಕರನ್ನೆಲ್ಲ ಬೇರೆಬೇರೆಯಾಗಿ ಕೂರಿಸಿ ವಿಚಾರಿಸಿದ. ಆಮೇಲೆ ನಂಬಿದ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೋಡಿದೀನಿ. ನನ್ನ ಸರ್ವೀಸಲ್ಲಿ ಎಲ್ಲರೂ ನಷ್ಟ ಆದ್ಮೇಲೆ ಬಂದು ಸುಳ್ಳು ಹೇಳಿದವರೇ. ಆಗೋ ಮುಂಚೆ ಬಂದು ನಿಜ ಹೇಳಿದವಳು ಇವಳೊಬ್ಬಳೇ." ಅಂದಿನಿಂದ ಟೇಪಿನ ಯಂತ್ರದ ಪಕ್ಕದ ಕುರ್ಚಿ ಅವನದು. ಎಲ್ಲರೂ ಮೊದಲ ಸ್ವರ ಹಾಡುವಾಗ ಅವನು ಮಾತ್ರ ಹಾಡುತ್ತಿರಲಿಲ್ಲ, ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂರುತ್ತಿದ್ದ. ನಿದ್ದೆಯಲ್ಲಿ ಹಲ್ಲು ಕಡಿಯುವ ಅವನ ಹಳೆಯ ಅಭ್ಯಾಸ ಆ ವರ್ಷವೇ ನಿಂತಿತೆಂದು ಅಮ್ಮ ಹೇಳುತ್ತಿದ್ದಳು.

ಒಂದು ಗುಂಡಿ ಒತ್ತಿದರೆ ಟಿಣ್ ಟಿಣ್ ಹೋಗಿ ಗುಂಯ್ ಮಾತ್ರ ಉಳಿಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳ ಬೆರಳು ಅಲ್ಲಿಯವರೆಗೂ ಹೋಗಿ ನಿಂತಿತು. ಹೊರಗೆ ಗೇಟಿನ ಚಿಲಕ ಸದ್ದಾಯಿತು. ಅಪ್ಪ ಬ್ರೆಡ್ಡನ್ನು ಕಂಕುಳಲ್ಲಿ ಹಿಡಿದುಕೊಂಡು ಒಳಗೆ ಬಂದ.

"ಎಲ್ಲಿಗೆ ಬಂತಮ್ಮ ಕೆಲಸ?"

ಅವಳು ಹೆಡ್‌ಫೋನನ್ನು ತೆಗೆದು ಅವನ ತಲೆಗೆ ಹಾಕಿದಳು. ಅಪ್ಪ ನಿಂತೇ ಕೇಳಿದ. ಮತ್ತೊಮ್ಮೆ ಹಾಕು ಎಂದು ಬೆರಳಲ್ಲಿ ತೋರಿಸಿದ. ಆಮೇಲೆ ಕುರ್ಚಿ ಎಳೆದು ಕುಳಿತು, ಕಣ್ಣು ಮುಚ್ಚಿ ಮತ್ತೊಮ್ಮೆ ಕೇಳಿದ.

"ಟ್ಯೂಬ್‌ಲೈಟು," ಅಂದ.

"ಹೂಂ."

"ಕಾಪಿ ಮಾಡುವಾಗ ಸೇರಿರಬಹುದಲ್ಲ?"

"ಇದೇ ಮೂಲ ಟೇಪು ಅಪ್ಪ. ಆ ಟಿಣ್ ಅನ್ನೋದು ಅವಳ ದನಿ ಇರೋ ಕೋಣೆಯಲ್ಲೇ ಕೇಳ್ತಿದೆ. ಗೋಡೆಗೆ ಬಡಿದು ಬರೋ ರೀತಿ ಎರಡೂ ಒಂದೇ."

"ಮುಂಚೆ ಹೇಳಿದ್ದನ್ನೇ ಆಮೇಲೆ ಯಾರೋ ಮತ್ತೊಂದ್ಸಲ ಹೇಳಿಸಿರಬಹುದು," ಬೀನ್ಸಿನ ತಟ್ಟೆಯಿಂದ ತಲೆಯೆತ್ತದೆ ಅಮ್ಮ ಹೇಳಿದಳು. "ಪಾಪ, ಬರೆದವನು ಮೊದಲು ಹೇಳಿದ ದಿನವನ್ನೇ ಬರೆದಿರ್ತಾನೆ."

"ಇರಬಹುದು ಅನ್ನೋದು ಸಾಕ್ಷಿ ಅಲ್ಲ ಕಣೇ." ಅಪ್ಪ ಹೆಡ್‌ಫೋನು ತೆಗೆದು, ಅದರ ತಂತಿಯನ್ನು ಬಹಳ ಅಚ್ಚುಕಟ್ಟಾಗಿ ಸುತ್ತಿ ಮೇಜಿನ ಮೇಲಿಟ್ಟ. "ನಾನಾಗಿದ್ರೆ ಈ ಕ್ಲೇಮು ಪಾಸು ಮಾಡ್ತಿರಲಿಲ್ಲ."

ಬ್ರೆಡ್ಡನ್ನು ಅವನು ಕಂಕುಳಿಂದ ಕೆಳಗಿಟ್ಟೇ ಇರಲಿಲ್ಲ. ಅದು ನಡುವೆ ಜಜ್ಜಿ ಸೊಟ್ಟಗಾಗಿತ್ತು.

ಆ ವಾರದ ಸಭೆಗೆ ಅಪ್ಪ ಹೋಗಲಿಲ್ಲ. ನೆಗಡಿ ಅಂದ. ಮರುದಿನ ಬೆಳಿಗ್ಗೆ ಅಮ್ಮ ಅವಳ ಕಿವಿಯಲ್ಲಿ, "ಮತ್ತೆ ಹಲ್ಲು ಕಡೀತಿದಾರೆ," ಅಂದಳು. ಅವಳಿಗೆ ತಾನು ಏನನ್ನೋ ಒಡೆದು ಹಾಕಿದಂತೆ, ಅದರ ಚೂರುಗಳ ನಡುವೆ ಅಪ್ಪ ಬರಿಗಾಲಲ್ಲಿ ಓಡಾಡುತ್ತಿರುವಂತೆ ಅನ್ನಿಸುತ್ತಿತ್ತು. ಆದರೆ ಒರೆಸಿಬಿಡಬೇಕಾಗಿತ್ತು ಎಂದೂ ಅನ್ನಿಸುತ್ತಿರಲಿಲ್ಲ.

ನೆನಪಿನ ದಿನ ಹತ್ತಿರವಾದಾಗ ಸಭೆಯ ಅಧ್ಯಕ್ಷರು ಮನೆಗೆ ಬಂದರು. ಅವರಿಗೆ ಬೇಕರಿ ಇತ್ತು. ಎಲ್ಲರೂ ಕರೆಯುತ್ತಿದ್ದದ್ದೂ ಬೇಕರಿಯವರು ಎಂದೇ. ಮೈಯಿಂದ ಯಾವಾಗಲೂ ಬೆಣ್ಣೆಯ ವಾಸನೆ ಬರುತ್ತಿದ್ದುದರಿಂದ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಅಪ್ಪ ಅವರಿಗೆ ಎಲ್ಲವನ್ನೂ ಹೇಳಿದ, ಒಂದು ಮಾತೂ ಬಿಡದೆ.

ಬೇಕರಿಯವರು ಸ್ವಲ್ಪ ಹೊತ್ತು ಗಲ್ಲ ಉಜ್ಜಿಕೊಂಡರು. ಆಮೇಲೆ ಅವಳ ಕಡೆ ತಿರುಗಿದರು. "ಮಗಳೇ, ಆ ಟಿಣ್ ಟಿಣ್ ಒಂದನ್ನ ತೆಗೆದುಬಿಡೋಕೆ ಆಗತ್ತಾ? ಹಿಟ್ಟಲ್ಲಿ ಕಲ್ಲು ಸಿಕ್ಕಿದ್ರೆ ಹಿಟ್ಟನ್ನೇ ಚೆಲ್ತೀವಾ? ಕಲ್ಲು ಆರಿಸಿ ಬಿಸಾಕ್ತೀವಿ."

"ಆಗತ್ತೆ," ಅಂದಳು ಅವಳು. ದನಿ ಅವಳಿಗೇ ಕೇಳಿಸಲಿಲ್ಲ. "ಆದ್ರೆ ಟಿಣ್ ಟಿಣ್ ಕಲ್ಲಾದ್ರೆ ಮೊದಲ ಸ್ವರಾನೂ ಕಲ್ಲೇ. ಎರಡೂ ಒಂದೇ ದೀಪದ್ದು."

ಬೇಕರಿಯವರು ಅಪ್ಪನನ್ನು ನೋಡಿದರು. "ಇಷ್ಟು ವರ್ಷ ಒಂದು ಟ್ಯೂಬ್‌ಲೈಟಿನ ಜೊತೆ ಹಾಡ್ತಿದ್ವಾ ನಾವು?"

"ಹೌದು."

ಅವರಿಗೆ ನಗು ಬಂತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಹೊಟ್ಟೆ ಕುಲುಕಿಸಿ ನಕ್ಕು, ಕಣ್ಣೊರೆಸಿಕೊಂಡರು. "ನಮ್ಮಪ್ಪ ಸಾಯೋವಾಗ ಈ ಸ್ವರ ಕೇಳಿಸಿ ಅಂದಿದ್ದ ಗೊತ್ತಾ. ಕೇಳಿಸಿದ್ವಿ. ನೆಮ್ಮದಿಯಾಗಿ ಹೋದ." ನಗು ಹಾಗೆಯೇ ಬೇರೆ ಏನೋ ಆಗಿ ಅವರು ಕಿಟಕಿಯ ಕಡೆ ತಿರುಗಿದರು. "ಹೋಗ್ಲಿ ಬಿಡಿ. ಇದೊಂದರಿಂದ ನಂಬಿಕೆ ಹೋಗತ್ತಾ ಸಾರ್?"

"ನಿಮ್ಮದು ಹೋಗಲ್ಲ. ನಿಮಗೆ ಬೇರೆ ಏನೇನೋ ಇದೆ. ನನ್ನ ಹತ್ರ ಇದ್ದದ್ದು ಇದೊಂದೇ," ಅಂದ ಅಪ್ಪ. "ನೆನಪಿನ ದಿನ ಬರ್ತೀನಿ. ಎಲ್ಲರಿಗೂ ನಾನೇ ಹೇಳ್ತೀನಿ. ಇಷ್ಟು ದಿನ ಸಾಕ್ಷಿ ಹೇಳಿದವನು ನಾನು, ತಪ್ಪಾಯ್ತು ಅಂತಲೂ ನಾನೇ ಹೇಳ್ಬೇಕು. ಅದಾದ ಮೇಲೆ ಬರಲ್ಲ."

ಬೇಕರಿಯವರನ್ನು ಗೇಟಿನವರೆಗೆ ಬಿಟ್ಟು ಬಂದು ಅಪ್ಪ ಅಡುಗೆಮನೆಯಲ್ಲಿ ಕುಳಿತ. ಸಂಜೆಯ ಬಿಸಿಲು ಸಿಂಕಿನವರೆಗೂ ಬಂದಿತ್ತು. ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಮಗಳು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ನಿನಗೇನು ಚಿಂತೆಯಿಲ್ಲ ಬಿಡು," ಅಪ್ಪ ಅಮ್ಮನ ಬೆನ್ನಿಗೆ ಹೇಳಿದ. "ನಿನ್ನದು ಹಾಲಿನ ಕಥೆ. ಅದನ್ನ ಯಾವ ಟ್ಯೂಬ್‌ಲೈಟೂ ಮುಟ್ಟೋಕಾಗಲ್ಲ."

ಹಾಲಿನ ಕಥೆ ಮನೆಯ ಹಳೆಯ ತಮಾಷೆ. ಮಗಳು ಹುಟ್ಟಿ ಎರಡು ತಿಂಗಳಾಗಿದ್ದಾಗ ಒಂದು ಮಧ್ಯಾಹ್ನ ಅಮ್ಮನಿಗೆ ಬೆನ್ನ ಹಿಂದೆ ಯಾರೋ ಹೇಳಿದ್ದು ಕೇಳಿಸಿತ್ತು: "ಹಾಲು ಉಕ್ತಿದೆ ನೋಡೇ." ತಿರುಗಿದರೆ ಯಾರೂ ಇರಲಿಲ್ಲ. ಅದು ದೇವರ ಮಾತು ಅಂತ ಅಮ್ಮ. ಮರುದಿನದಿಂದ ಕೂಸನ್ನು ಎತ್ತಿಕೊಂಡು ಪ್ರಾರ್ಥನಾ ಮನೆಗೆ ಹೋಗತೊಡಗಿದ್ದಳು. ಅಪ್ಪ ಆಗಲೇ ಅದನ್ನು ಪರಿಶೀಲಿಸಿ ಮುಗಿಸಿದ್ದ. ಒಲೆ ಹಚ್ಚಿರಲಿಲ್ಲ. ಹಾಲು ಒಲೆಯ ಮೇಲೆ ಇರಲೇ ಇಲ್ಲ. ಇದನ್ನು ಅಮ್ಮನೇ ಒಪ್ಪಿಕೊಳ್ಳುತ್ತಿದ್ದಳು. "ಅಂದ್ರೆ ದೇವರೇ ಬಂದು ಸುಳ್ಳು ಸಾಕ್ಷಿ ಹೇಳಿದ ಹಾಗಾಯ್ತು," ಅಂತ ಅಪ್ಪ ನೆಂಟರ ಮುಂದೆಲ್ಲ ನಗಿಸುತ್ತಿದ್ದ. ಅಮ್ಮ, "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ನಿಮಗೆ ತೋರಿಸಿ ನನಗೇನಾಗಬೇಕು," ಅಂದು ಸುಮ್ಮನಾಗುತ್ತಿದ್ದಳು.

ಇವತ್ತು ಅಮ್ಮ ಅದನ್ನೂ ಅನ್ನಲಿಲ್ಲ. ಪಾತ್ರೆ ತೊಳೆಯುತ್ತಲೇ ಇದ್ದಳು. ಅಪ್ಪನಿಗೆ ಜಗಳಕ್ಕಾದರೂ ಯಾರಾದರೂ ಬೇಕಾಗಿತ್ತೋ ಏನೋ, ಬಿಡಲಿಲ್ಲ.

"ಒಲೆ ಹಚ್ಚಿಲ್ಲ ಅಂತ ಗೊತ್ತಿದ್ದೂ ಹೇಗೆ ನಂಬಿದೆ ನೀನು? ಪಕ್ಕದಲ್ಲೇ ಒಲೆ ಇತ್ತಲ್ಲ, ಕಾಣಿಸ್ತಿರಲಿಲ್ವಾ?"

"ಒಲೆ ಪಕ್ಕ ಇರಲಿಲ್ಲ ನಾನು."

"ಆಗ ನೀನೆಲ್ಲಿದ್ದೆ?"

ಅಭ್ಯಾಸದಿಂದ ಬಾಯಿಗೆ ಬಂದ ಪ್ರಶ್ನೆ. ಕೇಳಿದ ಮೇಲೆ, ಇದನ್ನು ಮುಂಚೆ ಕೇಳಿಯೇ ಇಲ್ಲವೆಂದು ಅವನಿಗೆ ಹೊಳೆದಂತೆ ಕಂಡಿತು. ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದ.

ಅಮ್ಮ ನಲ್ಲಿ ನಿಲ್ಲಿಸಿದಳು. "ಮೆಟ್ಟಿಲಲ್ಲಿ," ಅಂದಳು.

"ಯಾವ ಮೆಟ್ಟಿಲು?"

"ನದಿ ಮೆಟ್ಟಿಲು."

"ಬಟ್ಟೆ ಒಗೆಯೋಕಾ?"

"ಮನೇಲಿ ನಲ್ಲಿ ಇತ್ತಲ್ರೀ."

ಫ್ರಿಜ್ಜು ಗುಂಯ್ ಅನ್ನುತ್ತಿತ್ತು. ಮಗಳ ಕೈಯಲ್ಲಿದ್ದ ತಟ್ಟೆ ಒರೆಸಿ ಒಣಗಿ ಎಷ್ಟೋ ಹೊತ್ತಾಗಿತ್ತು. ಆದರೂ ಒರೆಸುತ್ತಲೇ ಇದ್ದಳು.

"ಮಗು?" ಅಪ್ಪ ಕೇಳಿದ. ಈಗ ಅವನ ದನಿ ತನಿಖೆಯದಾಗಿರಲಿಲ್ಲ.

"ಮನೇಲಿ. ತೊಟ್ಟಿಲಲ್ಲಿ. ಬಾಗಿಲು ಎಳ್ಕೊಂಡು ಬಂದಿದ್ದೆ."

"ನೀರು?"

"ಮೊಣಕಾಲಿಗೆ." ಅಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಆದರೆ ಈ ಕಡೆ ತಿರುಗಲಿಲ್ಲ. "ಯಾಕೆ ಅಂತ ಕೇಳ್ಬೇಡಿ. ನನಗೂ ಗೊತ್ತಿಲ್ಲ. ನಿದ್ದೆ ಇರಲಿಲ್ಲ ಎಷ್ಟೋ ದಿನದಿಂದ. ಮಗು ಅತ್ತರೆ ಎಲ್ಲೋ ದೂರದ ಮನೇಲಿ ಯಾರೋ ಅಳ್ತಿದಾರೆ ಅನ್ನಿಸೋದು. ನೀವು ಊರಲ್ಲಿರಲಿಲ್ಲ, ಯಾವುದೋ ಸುಟ್ಟ ಗೋಡೌನು ನೋಡೋಕೆ ಹೋಗಿದ್ರಿ. ನೀರು ತಣ್ಣಗಿತ್ತು, ಹಿತವಾಗಿತ್ತು. ಇನ್ನೊಂದು ಮೆಟ್ಟಿಲು ಇಳಿಯೋಣ ಅಂತಿದ್ದೆ. ಆಗ ಹೇಳಿದ್ದು."

"ಹಾಲು ಉಕ್ತಿದೆ ಅಂತ."

"ಹೂಂ. ಸಾಯಬೇಡ ಅಂದಿದ್ರೆ ನಾನು ತಿರುಗ್ತಿರಲಿಲ್ಲ ಕಣ್ರೀ. ನಾನು ನಿನ್ನ ದೇವರು ಅಂದಿದ್ರೂ ತಿರುಗ್ತಿರಲಿಲ್ಲ. ಹಾಲು ಅಂದ್ರೆ ಮಾತ್ರ ಕಾಲು ತಾನಾಗೇ ತಿರುಗತ್ತೆ. ಮನೆಗೆ ಓಡಿದೆ. ಒಲೆ ನೋಡಿದೆ. ಹಾಲೂ ಇಲ್ಲ, ಏನೂ ಇಲ್ಲ. ಇವಳು ಅತ್ತು ಅತ್ತು ಕೆಂಪಗಾಗಿದ್ಲು. ಎತ್ಕೊಂಡೆ. ಅವತ್ತು ಮೊದಲ ಸಲ ಇವಳ ಅಳು ನನ್ನ ಮನೇಲೇ ಕೇಳಿಸ್ತು."



"ನನಗೆ ಯಾಕೆ ಹೇಳಲಿಲ್ಲ?" ಅಂದ ಅಪ್ಪ.

"ಹೇಳಿದ್ನಲ್ಲ. ಬಂದ ದಿನವೇ ಹೇಳಿದೆ. ಹಾಲು ಇಟ್ಟಿದ್ಯಾ ಅಂತ ಕೇಳಿದ್ರಿ, ಇಲ್ಲ ಅಂದೆ. ಅಲ್ಲಿಗೆ ನಿಮ್ಮ ವಿಚಾರಣೆ ಮುಗೀತು." ಅಮ್ಮನ ದನಿಯಲ್ಲಿ ದೂರು ಇರಲಿಲ್ಲ, ಸಣ್ಣ ನಗುವೂ ಇತ್ತು. "ನೆಂಟರೆಲ್ಲ ನಗ್ತಿದ್ರು. ನಾನೂ ನಗ್ತಿದ್ದೆ. ನಗೋಕೆ ಇದೀನಲ್ಲ ಅಂತ."

ಅಪ್ಪ ಎದ್ದ. ಅಮ್ಮನ ಹತ್ತಿರ ಹೋಗಿ ಪಾತ್ರೆ ಉಜ್ಜುವ ಸ್ಪಂಜನ್ನು ಎತ್ತಿಕೊಂಡು, ಸಿಂಕಿನಲ್ಲಿ ಉಳಿದಿದ್ದ ಬಾಣಲೆಯನ್ನು ಉಜ್ಜತೊಡಗಿದ. ಅವನಿಗೆ ಪಾತ್ರೆ ತೊಳೆದು ಗೊತ್ತಿರಲಿಲ್ಲ. ತೋಳಿನವರೆಗೂ ನೊರೆ ಮಾಡಿಕೊಂಡ. ಅಮ್ಮ ತಪ್ಪು ತೋರಿಸದೆ ಪಕ್ಕದಲ್ಲಿ ನಿಂತು ನೋಡಿದಳು. ಮಗಳು ತಟ್ಟೆಯನ್ನು ಸದ್ದಾಗದಂತೆ ಇಟ್ಟು ತನ್ನ ಕೋಣೆಗೆ ಹೋಗಿ, ಹಾಸಿಗೆಯ ಅಂಚಿನಲ್ಲಿ ಕುಳಿತು, ತನ್ನ ಎರಡೂ ಅಂಗೈಗಳನ್ನು ಬಹಳ ಹೊತ್ತು ನೋಡಿಕೊಂಡಳು.

ನೆನಪಿನ ದಿನ ಪ್ರಾರ್ಥನಾ ಮನೆ ತುಂಬಿತ್ತು. ಬೆಂಚು ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂರದೆ ಅದರ ಮುಂದೆ ನಿಂತು, ತನಿಖೆಯ ವರದಿ ಒಪ್ಪಿಸುವಂತೆ, ಕಂಡದ್ದನ್ನು ಕಂಡ ಹಾಗೆ ಹೇಳಿದ. ಟಿಣ್ ಟಿಣ್ ಬಗ್ಗೆ ಹೇಳಿದ. ಕಂಬಗಳ ಬಗ್ಗೆ ಹೇಳಿದ.

"ಹಿರಿಯಮ್ಮ ನೆರೆಗೆ ಮುಂಚೆ ಎಚ್ಚರಿಸಲಿಲ್ಲ ಅಂತ ನಾನು ಹೇಳ್ತಿಲ್ಲ. ಎಚ್ಚರಿಸಿದ್ಲು ಅನ್ನೋದಕ್ಕೆ ಈ ಟೇಪು ಸಾಕ್ಷಿ ಅಲ್ಲ ಅಂತಿದೀನಿ. ಇಷ್ಟು ವರ್ಷ ನಾನು ನಿಮಗೆ ಹೇಳಿದ್ದು ತಪ್ಪು."

ಗುಸುಗುಸು ಎದ್ದಿತು. ಹಿಂದಿನ ಸಾಲಿನಲ್ಲಿ ಯಾರೋ ಎದ್ದು ಹೋದರು. ನೆರೆ ಕಂಡಿದ್ದ ಒಬ್ಬ ಮುದುಕ, "ಮುಂಚೆ ಹೇಳಿದ್ಲಪ್ಪ, ನಾನಿದ್ದೆ," ಅಂದ. "ಏನು ಹೇಳಿದ್ಲು ತಾತ?" ಅಂತ ಪಕ್ಕದವನು ಕೇಳಿದ. ಮುದುಕ ಯೋಚಿಸಿ, "ನನ್ನನ್ನ ಎತ್ಕೊಂಡು ಓಡಿದ್ಲು. ಮಾತು ನೆನಪಿಲ್ಲ," ಅಂದ.

ಅಪ್ಪ ಅವನ ಕಡೆ ನೋಡಿ ತಲೆಯಾಡಿಸಿದ. ಇನ್ನೇನೋ ಹೇಳಲಿದ್ದಾನೆ ಎನ್ನುವಂತೆ ಬಾಯಿ ತೆರೆದು, ಮಹಿಳೆಯರ ಸಾಲಿನಲ್ಲಿದ್ದ ಅಮ್ಮನನ್ನು ನೋಡಿದ. ಅಮ್ಮ ಪಕ್ಕದ ಮಗುವಿನ ಅಂಗಿಯ ಗುಂಡಿ ಹಾಕುತ್ತಿದ್ದಳು. ಅಪ್ಪ ಬಾಯಿ ಮುಚ್ಚಿದ. ಅವನು ಹೊರಟುಹೋಗುತ್ತಾನೆಂದು ಮಗಳು ಅಂದುಕೊಂಡಳು. ಅವನು ಬಾಗಿಲ ಕಡೆ ಹೋಗಲಿಲ್ಲ. ನಡುವಿನ ದಾರಿಯಲ್ಲಿ ನಡೆದು ಬಂದು, "ಸ್ವಲ್ಪ ಸರ್ಕೊಳ್ಳಿ," ಅಂದು ಎಲ್ಲರ ನಡುವೆ ಒಂದು ಬೆಂಚಿನ ತುದಿಯಲ್ಲಿ ಕುಳಿತುಕೊಂಡ.

ಬೇಕರಿಯವರು ಎದ್ದು ನಿಂತು, "ಪ್ರಾರ್ಥನೆ ಶುರು ಮಾಡೋಣ," ಅಂದರು. ಎಲ್ಲರೂ ತುಟಿ ಮುಚ್ಚಿದರು. ಅಭ್ಯಾಸದಂತೆ ಕಾದರು. ಯಂತ್ರದ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಯಾವ ಸ್ವರದಲ್ಲಿ ಹಿಡಿಯಬೇಕೆಂದು ಯಾರಿಗೂ ತಿಳಿಯಲಿಲ್ಲ. ಅದನ್ನು ಯಾವಾಗಲೂ ಟೇಪೇ ಕೊಡುತ್ತಿತ್ತು. ಒಬ್ಬರು ಕೆಮ್ಮಿದರು. ಬೆಂಚು ಕಿರುಗುಟ್ಟಿತು. ಅಪ್ಪನ ಕತ್ತು ನಿಧಾನವಾಗಿ ತಗ್ಗುವುದು ಅವಳಿಗೆ ಹಿಂದಿನಿಂದ ಕಂಡಿತು.

ಆ ಸ್ವರ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಕಣ್ಣು ಮುಚ್ಚಿದಳು. ಮುಖಕ್ಕೆಲ್ಲ ಬಿಸಿ ಏರಿತು. ಈ ಪ್ರಾರ್ಥನಾ ಮನೆಯಲ್ಲಿ ಅವಳು ಯಾವತ್ತೂ ಒಬ್ಬಳೇ ಬಾಯಿಯಿಂದ ಸದ್ದು ಹೊರಡಿಸಿರಲಿಲ್ಲ. ಮೊದಲು ಬಂದದ್ದು ಬರೀ ಗಾಳಿ. ಆಮೇಲೆ ನಡುಗುತ್ತ, ತೆಳ್ಳಗೆ, ಆದರೆ ಸರಿಯಾದ ಜಾಗದಲ್ಲಿ, ಸ್ವರ ಬಂತು.

ಮುಂದಿನ ಸಾಲಿನಿಂದ ಅಮ್ಮ ಸೇರಿಕೊಂಡಳು. ಬೇಕರಿಯವರ ದಪ್ಪ ದನಿ ಸೇರಿತು. ಬೆಂಚಿನಿಂದ ಬೆಂಚಿಗೆ ಅದು ಹರಡಿ ಕಿಟಕಿಯ ಗಾಜುಗಳು ಸಣ್ಣಗೆ ಕಂಪಿಸತೊಡಗಿದವು. ಎಲ್ಲರ ದನಿಗಳ ನಡುವೆ ಅವಳ ಕಿವಿ ಒಂದನ್ನು ಬೇರೆಯಾಗಿ ಹಿಡಿಯಿತು. ಒರಟಾದ, ಸ್ವರಕ್ಕಿಂತ ಸ್ವಲ್ಪ ಕೆಳಗೆ ತಡಕಾಡುತ್ತಿದ್ದ ಗಂಡು ದನಿ. ಹಿಂದೆ ಯಾವತ್ತೂ ಇಲ್ಲಿ ಕೇಳಿರದ್ದು. ಅದು ತಪ್ಪುತ್ತಿತ್ತು, ನಿಲ್ಲುತ್ತಿತ್ತು, ಉಸಿರು ತೆಗೆದುಕೊಂಡು ಮತ್ತೆ ಹುಡುಕುತ್ತಿತ್ತು. ಅವಳು ತನ್ನ ಸ್ವರವನ್ನು ಅಲುಗಿಸದೆ ಹಿಡಿದುಕೊಂಡು, ಅದು ಬಂದು ಸೇರುವವರೆಗೂ ಕಾದಳು.